ಸರ್ಗಾಸಮ್ ಸೆಕ್ಷನ್ ಜಾರ್ತದೆ, ಅಯೋಡಿನ್‌ಗೆ ನೀಲಿ ಬರುವುದಿಲ್ಲ: ಕಂದು ಪಾಚಿಯ ಪ್ರಾಕ್ಟಿಕಲ್ ಬಗ್ಗೆ

ಪ್ರಶ್ನೆ: ಕಾಪು_ಬಾಟನಿ

ಬಿಎಸ್ಸಿ ಸಸ್ಯಶಾಸ್ತ್ರದ ಮಕ್ಕಳ ಕಂದು ಪಾಚಿ ಪ್ರಾಕ್ಟಿಕಲ್ ಬಗ್ಗೆ ಕೇಳ್ಲಿಕ್ಕುಂಟು. ಬಾಟಲಿಯಲ್ಲಿ ವರ್ಷಗಟ್ಟಲೆ ಕೂತು ಬಿಳಿಚಿದ ಮಾದರಿ ಬೇಡ, ಕಾಪು ದೀಪಸ್ತಂಭದ ಬಂಡೆಗಳಿಂದ ತಾಜಾ ಸರ್ಗಾಸಮ್, ಪಡೈನಾ ತಂದೇ ಮಾಡಿಸಬೇಕು ಅಂತ ಇದೆ. ಆದರೆ ತಾಜಾ ಮಾದರಿಗೆ ಅದರದ್ದೇ ತೊಂದರೆಗಳು.

ಸರ್ಗಾಸಮ್ ರಿಸೆಪ್ಟಕಲ್‌ನ (ಸಂತಾನದ ಅಂಗಗಳನ್ನು ಹೊತ್ತ ಸಣ್ಣ ಕೊಂಬೆ) ಅಡ್ಡ ಸೆಕ್ಷನ್ ತೆಗೆಯಲು ಹೋದರೆ ಲೋಳೆಯಿಂದಾಗಿ ಬ್ಲೇಡಿನಡಿ ಜಾರ್ತದೆ. ಸೆಕ್ಷನ್ ಸಿಕ್ಕಿದರೂ ಸ್ಲೈಡಿಗೆ ನೀರು ಹಾಕಿದ ಕೂಡಲೇ ಉಬ್ಬಿ, ಒಳಗಿನ ಅಂಡ ಒಡೆದು ಎಲ್ಲ ಕಲಸಿಹೋಗ್ತದೆ. ಅಂಡ ಕಂಡ ಸೆಕ್ಷನ್‌ಗಳಲ್ಲಿ ಆಂಥೆರಿಡಿಯಮ್ (ಪುರುಷಾಣು ಹುಟ್ಟುವ ಚೀಲ) ಒಂದೂ ಇಲ್ಲ.

ಇನ್ನು, ಎಲೆಗೆ ಅಯೋಡಿನ್ ಹಾಕಿದರೆ ನೀಲಿ ಬರುವುದಿಲ್ಲ, ಬರೀ ಹಳದಿ-ಕಂದು. ಬಿಸಿನೀರಿಗೆ ಹಾಕಿದರೆ ಕಂದು ಹೋಗಿ ಪಾಚಿ ಹಚ್ಚಹಸಿರು ಆಗ್ತದೆ. ಮಕ್ಕಳು ಯಾಕೆ ಅಂತ ಕೇಳಿದರೆ ಸರಿಯಾದ ವಿವರಣೆ ಕೊಡಬೇಕಲ್ಲ. ಹರ್ಬೇರಿಯಮ್ ಹಾಳೆಯ (ಒಣ ಮಾದರಿ ಅಂಟಿಸಿಡುವ ಕಾಗದ) ಮೇಲೆ ಸರ್ಗಾಸಮ್ ಅಂಟುವುದಿಲ್ಲ, ಮಳೆಗಾಲ ಬಂದರೆ ಬೂಷ್ಟು. ಗೊತ್ತಿದ್ದವರು ವಿವರವಾಗಿ ಹೇಳಿ.

ಉತ್ತರ 1: ಇಳಿತದ_ಹೊತ್ತು

ಮೇಡಂ/ಸರ್, ಸೆಕ್ಷನ್ ವಿಷಯ ಮೊದಲು ಹೇಳ್ತೇನೆ, ಏಕೆಂದರೆ ಉಳಿದ ಅರ್ಧ ತೊಂದರೆಗೂ ಕಾರಣ ಅದೇ: ಕೋಶಭಿತ್ತಿ.

ಕಂದು ಪಾಚಿಯ ಭಿತ್ತಿಯಲ್ಲಿ ಸೆಲ್ಯುಲೋಸ್ ಸ್ವಲ್ಪವೇ. ಹೆಚ್ಚಿನ ಪಾಲು ಅಲ್ಜಿನೇಟ್ ಮತ್ತು ಫ್ಯೂಕಾಯ್ಡನ್ ಎಂಬ ಲೋಳೆಯಂಥ ಪದಾರ್ಥಗಳು. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಮ್, ಮೆಗ್ನೀಸಿಯಮ್ ಮತ್ತು ಉಪ್ಪು ಇರುವಷ್ಟು ಹೊತ್ತು ಈ ಜೆಲ್ ಬಿಗಿಯಾಗಿಯೇ ಇರ್ತದೆ. ನಲ್ಲಿನೀರೋ ಡಿಸ್ಟಿಲ್ಡ್ ವಾಟರೋ ತಾಗಿದ ಕೂಡಲೇ ಭಿತ್ತಿಯ ನಡುವಿನ ಲೋಳೆ ನೀರು ಕುಡಿದು ಉಬ್ಬುತ್ತದೆ. ಅಂಡಕ್ಕೆ ಗಟ್ಟಿ ಭಿತ್ತಿ ಇಲ್ಲ, ಒಳಗಿನ ಲವಣಾಂಶ ಸಮುದ್ರಕ್ಕೆ ಹೊಂದಿಕೊಂಡದ್ದು. ಸಿಹಿನೀರು ಒಳನುಗ್ಗಿ ಒಡೆಯುತ್ತದೆ. ಆದ್ದರಿಂದ ತಾಜಾ ಮಾದರಿಗೆ ತೊಳೆಯುವುದು, ಬ್ಲೇಡು ಒದ್ದೆ ಮಾಡುವುದು, ವಾಚ್‌ಗ್ಲಾಸ್, ಮೌಂಟ್, ಎಲ್ಲವೂ ಸಮುದ್ರದ ನೀರಿನಲ್ಲೇ. ಮಾದರಿ ತರುವಾಗಲೇ 5 ಲೀಟರಿನ ಕ್ಯಾನ್ ತುಂಬಾ ನೀರು ತನ್ನಿ, ಫಿಲ್ಟರ್ ಪೇಪರಿನಲ್ಲಿ ಸೋಸಿ ಇಟ್ಟುಕೊಳ್ಳಿ.

ಸೆಕ್ಷನ್ ಚೆನ್ನಾಗಿ ಬರಬೇಕಾದರೆ ರಿಸೆಪ್ಟಕಲ್‌ಗಳನ್ನು ಹಿಂದಿನ ದಿನವೇ ಫಾರ್ಮಲಿನ್‌ನಲ್ಲಿ ಹಾಕುವುದು. 95 ಮಿ.ಲೀ. ಸಮುದ್ರದ ನೀರಿಗೆ 5 ಮಿ.ಲೀ. ಅಂಗಡಿಯ ಫಾರ್ಮಲಿನ್, 24 ಗಂಟೆ. ತುಂಡುಗಳ ಗಾತ್ರದ ಹತ್ತು ಪಟ್ಟಾದರೂ ದ್ರಾವಣ ಇರಲಿ; ಬಾಟಲಿಗೆ ಒತ್ತೊತ್ತಿ ತುಂಬಿದರೆ ನಡುವಿನದ್ದು ಕೊಳೆಯುತ್ತದೆ. ಫಾರ್ಮಲಿನ್ ಹಿಡಿದ ರಿಸೆಪ್ಟಕಲ್ ಗಟ್ಟಿಯಾಗಿ, ಕ್ಯಾರೆಟ್ ಸೀಳಿನ ನಡುವೆ ಅಲುಗದೆ ನಿಲ್ಲುತ್ತದೆ. ಹೊಸ ಬ್ಲೇಡು, ಒಂದೇ ದಿಕ್ಕಿಗೆ ಎಳೆಯುವುದು, ಗರಗಸದ ಹಾಗೆ ಹಿಂದೆ ಮುಂದೆ ಮಾಡಬಾರದು. ಒಬ್ಬೊಬ್ಬರು 20–25 ಸೆಕ್ಷನ್ ತೆಗೆದು ಅದರಲ್ಲಿ ಆರಿಸಬೇಕು. ಕನ್ಸೆಪ್ಟಕಲ್‌ನ (ರಿಸೆಪ್ಟಕಲ್ ಒಳಗೆ ಅಂಡ ಅಥವಾ ಆಂಥೆರಿಡಿಯಮ್ ಇರುವ ಗುಂಡಿ) ಬಾಯಿಯ ಮೂಲಕವೇ ಹೋದ ಸೆಕ್ಷನ್‌ನಲ್ಲಿ ಮಾತ್ರ ಪಠ್ಯಪುಸ್ತಕದ ಚಿತ್ರ ಕಾಣುವುದು. ಸ್ವಲ್ಪ ಆಚೀಚೆ ಆದರೆ ಮುಚ್ಚಿದ ದುಂಡು ಕೋಣೆ ಕಂಡು, ಮಕ್ಕಳು ಅದಕ್ಕೆ ಬಾಯಿಯೇ ಇಲ್ಲ ಅಂತ ಬರೆಯುತ್ತಾರೆ.

ಬಣ್ಣಕ್ಕೆ ಸಫ್ರನಿನ್ ಬೇಡ. ಟೊಲ್ಯುಡಿನ್ ಬ್ಲೂ, ಶೇ 0.05, ಅರ್ಧದಿಂದ ಒಂದು ನಿಮಿಷ. ಫಾರ್ಮಲಿನ್ ಹಿಡಿದ ಸೆಕ್ಷನ್ ಆದ್ದರಿಂದ ಇಲ್ಲಿ ಸಿಹಿನೀರಿನಲ್ಲಿ ತೊಳೆಯಬಹುದು. ಅಲ್ಜಿನೇಟ್, ಫ್ಯೂಕಾಯ್ಡನ್ ಇರುವ ಭಿತ್ತಿ ಗುಲಾಬಿ-ನೇರಳೆ ಆಗ್ತದೆ; ಹೊರಕೋಶಗಳಲ್ಲಿ ಫ್ಲೊರೊಟ್ಯಾನಿನ್ (ಕಂದು ಪಾಚಿಯ ಟ್ಯಾನಿನ್) ತುಂಬಿದ ಸಣ್ಣ ಗುಳಿಗೆಗಳು, ಅಂದರೆ ಫೈಸೋಡ್‌ಗಳು, ಹಸಿರು ಮಿಶ್ರಿತ ನೀಲಿಯಾಗಿ ಬೇರೆಯೇ ನಿಲ್ಲುತ್ತವೆ. ಒಂದೇ ಬಣ್ಣದಲ್ಲಿ ಎರಡು ಪಾಠ. ಶೇ 30ರ ಗ್ಲಿಸರಿನ್‌ನಲ್ಲಿ ಮೌಂಟ್ ಮಾಡಿದರೆ ಪ್ರಾಕ್ಟಿಕಲ್ ಮುಗಿಯುವ ತನಕ ಒಣಗುವುದಿಲ್ಲ. ಬಣ್ಣ ತೀರಾ ಗಾಢವಾದರೆ ನೀರಿನಲ್ಲಿ ಇನ್ನೊಂದು ಸಲ ತೊಳೆಯಿರಿ, ಆಲ್ಕೋಹಾಲ್ ತಾಗಿಸಬೇಡಿ. ಗುಲಾಬಿ ಭಾಗ ಹೊರಟುಹೋಗ್ತದೆ.

ಆಂಥೆರಿಡಿಯಮ್ ಸಿಗದ್ದಕ್ಕೆ ಹೆಚ್ಚಾಗಿ ಕಾರಣ ಸೆಕ್ಷನ್ ಅಲ್ಲ, ಗಿಡ. ಸರ್ಗಾಸಮ್‌ನ ಹಲವು ಜಾತಿಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಕೆಲವು ಜಾತಿಗಳಲ್ಲಿ ಮಾತ್ರ ಒಂದೇ ಗಿಡದಲ್ಲಿ ಎರಡೂ. ಹೆಣ್ಣು ರಿಸೆಪ್ಟಕಲ್ ಹೆಚ್ಚಾಗಿ ಗಿಡ್ಡ, ಚಪ್ಪಟೆ ಅಥವಾ ಮೂರು ಮೂಲೆಯದ್ದು, ಅಂಚಿನಲ್ಲಿ ಸಣ್ಣ ಮುಳ್ಳು. ಗಂಡಿನದ್ದು ಉದ್ದ, ದುಂಡು, ನುಣುಪು. ಒಂದೇ ಬುಡದಿಂದ ಇಡೀ ತರಗತಿಗೆ ಮಾದರಿ ತಂದರೆ ಒಂದೇ ಲಿಂಗ ಸಿಗುವ ಸಾಧ್ಯತೆ ಜಾಸ್ತಿ. ನಾಲ್ಕೈದು ಬೇರೆ ಬೇರೆ ಬುಡಗಳಿಂದ ಒಂದೊಂದು ಕೊಂಬೆ ತನ್ನಿ, ಚೀಲಕ್ಕೆ ನಂಬರ್ ಹಾಕಿ.

ಅಂಡ ದೊಡ್ಡದು, 10x ಆಬ್ಜೆಕ್ಟಿವ್‌ನಲ್ಲೇ ಎದ್ದು ಕಾಣ್ತದೆ. ಆಂಥೆರಿಡಿಯಮ್ ಚಿಕ್ಕದು, ಕನ್ಸೆಪ್ಟಕಲ್ ಒಳಗಿನ ಕವಲೊಡೆದ ಎಳೆಗಳ ಪಕ್ಕದಲ್ಲಿ ಕೂತಿರ್ತದೆ, 40x ಬೇಕು. ಒಂದೊಂದರಲ್ಲಿ ಮಿಯೋಸಿಸ್ (ವರ್ಣತಂತುಗಳ ಸಂಖ್ಯೆ ಅರ್ಧವಾಗುವ ವಿಭಜನೆ) ಆಗಿ, ಆಮೇಲೆ ನಾಲ್ಕು ಸಲ ಸಾಮಾನ್ಯ ವಿಭಜನೆ ನಡೆದು 64 ಪುರುಷಾಣು. ಊಗೋನಿಯಮ್‌ನಲ್ಲಿ (ಅಂಡ ಹುಟ್ಟುವ ಅಂಗ) 8 ನ್ಯೂಕ್ಲಿಯಸ್ ಆಗ್ತವೆ, ಆದರೆ ಸರ್ಗಾಸಮ್‌ನಲ್ಲಿ ಏಳು ಕರಗಿ ಒಂದೇ ಉಳಿದು ಒಂದೇ ದೊಡ್ಡ ಅಂಡ. ಇನ್ನೊಂದು ಕಂದು ಪಾಚಿ ಫ್ಯೂಕಸ್‌ನಲ್ಲಾದರೆ ಎಂಟೂ ಅಂಡಗಳಾಗ್ತವೆ. ಫ್ಯೂಕಸ್ ತಣ್ಣೀರಿನ ಸಮುದ್ರದ್ದು, ನಮ್ಮ ಕರಾವಳಿಯಲ್ಲಿ ಬೆಳೆಯುವುದಿಲ್ಲ. ಅದರ ಚಿತ್ರ ನೋಡಿ ಸರ್ಗಾಸಮ್‌ಗೂ ಎಂಟು ಅಂಡ ಬಿಡಿಸುವ ಮಕ್ಕಳು ಇದ್ದೇ ಇರ್ತಾರೆ, ಅದನ್ನು ತಿದ್ದಬೇಕು.

ಇನ್ನೊಂದು ಎಚ್ಚರಿಕೆ. ಎಲೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕಾಣುವ ಗುಂಡಿಗಳು ಕ್ರಿಪ್ಟೊಸ್ಟೊಮಾಟ. ಒಳಗೆ ಬರೀ ಕೂದಲೆಳೆ, ಅಂಡವೂ ಇಲ್ಲ, ಆಂಥೆರಿಡಿಯಮ್ ಕೂಡ ಇಲ್ಲ. ಅವುಗಳ ಸೆಕ್ಷನ್ ತೆಗೆದು ಕನ್ಸೆಪ್ಟಕಲ್ ಅಂತ ಹೆಸರು ಬರೆಯುವುದು ಪ್ರಾಕ್ಟಿಕಲ್ ಪುಸ್ತಕಗಳಲ್ಲಿ ಸಾಮಾನ್ಯ.

ಉತ್ತರ 2: ಸುರತ್ಕಲ್_ಕೆಮಿಸ್ಟ್ರಿ

ಅಯೋಡಿನ್ ಮತ್ತು ಬಿಸಿನೀರು, ಇವೆರಡನ್ನು ನಾನು ಹೇಳ್ತೇನೆ.

ಅಯೋಡಿನ್ ನೀಲಿ ಕೊಡುವುದು ಪಿಷ್ಟದ ಅಮೈಲೋಸ್ ಜೊತೆ. ಅಮೈಲೋಸ್‌ನಲ್ಲಿ ಗ್ಲೂಕೋಸ್‌ಗಳು ಆಲ್ಫಾ-1,4 ಬಂಧದಲ್ಲಿ ಸೇರಿ ಉದ್ದ ಸುರುಳಿ ಆಗ್ತದೆ, ಆ ಸುರುಳಿಯ ಒಳಗೆ ಅಯೋಡಿನ್ ಸಾಲಾಗಿ ಕೂತಾಗ ಬಣ್ಣ. ಕಂದು ಪಾಚಿಯಲ್ಲಿ ಪಿಷ್ಟವೇ ಇಲ್ಲ. ಇರುವುದು ಲ್ಯಾಮಿನಾರಿನ್: ಗ್ಲೂಕೋಸ್‌ಗಳೇ, ಆದರೆ ಬೀಟಾ-1,3 ಬಂಧ, ಸರಪಳಿಯೂ ಗಿಡ್ಡ, ಸುಮಾರು 20–30 ಘಟಕ. ಅದರ ಜೊತೆ ಅಯೋಡಿನ್ ನೀಲಿ ಆಗುವುದಿಲ್ಲ. ಇರುವ ಜಾಗವೂ ಬೇರೆ. ಹಸಿರು ಗಿಡದಲ್ಲಿ ಪಿಷ್ಟ ಕ್ಲೋರೋಪ್ಲಾಸ್ಟ್ ಒಳಗೆ, ಇಲ್ಲಿ ಲ್ಯಾಮಿನಾರಿನ್ ಕ್ಲೋರೋಪ್ಲಾಸ್ಟಿನ ಹೊರಗೆ, ವ್ಯಾಕ್ಯೂಲ್‌ನಲ್ಲಿ ಕರಗಿದ ರೂಪದಲ್ಲಿ. ಜೊತೆಗೆ ಮ್ಯಾನಿಟಾಲ್ ಎಂಬ ಸಕ್ಕರೆ-ಆಲ್ಕೋಹಾಲ್. ನೀರಿನ ಉಪ್ಪು ಏರಿಳಿದಾಗ ಕೋಶದ ಒಳಗಿನ ಒತ್ತಡ ಸರಿದೂಗಿಸಲು ಅದೇ ಉಪಯೋಗ.

ಮಕ್ಕಳಿಗೆ ತೋರಿಸುವುದಾದರೆ ಹೋಲಿಕೆಗೆ ಅದೇ ಬಂಡೆಯ ಅಲ್ವಾ ತನ್ನಿ, ತೆಳು ಹಾಳೆಯಂಥ ಹಸಿರು ಪಾಚಿ. ಎರಡರ ತುಂಡನ್ನೂ ಬೇರೆ ಬೇರೆ ಟೆಸ್ಟ್‌ಟ್ಯೂಬಿನಲ್ಲಿ ಆಲ್ಕೋಹಾಲಿಗೆ ಹಾಕಿ, ಬಿಸಿನೀರಿನ ಬೀಕರಿನೊಳಗೆ ಇಟ್ಟು ಬಣ್ಣ ತೆಗೆಯಿರಿ. ನೇರ ಉರಿ ಕೂಡದು, ಆಲ್ಕೋಹಾಲಿಗೆ ಬೆಂಕಿ ಹತ್ತುತ್ತದೆ. ಬಿಳಿಚಿದ ಮೇಲೆ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಅಯೋಡಿನ್ ಹಾಕಿದರೆ ಅಲ್ವಾ ನೀಲಿ-ಕಪ್ಪು, ಸರ್ಗಾಸಮ್ ಹಳದಿ-ಕಂದು. ನಿಮಗೆ ಕಂಡ ಹಳದಿ-ಕಂದು ಅಯೋಡಿನ್‌ನದ್ದೇ ಬಣ್ಣ. ಸರ್ಗಾಸಮ್ ಮೇಲೆ ಅಲ್ಲಲ್ಲಿ ನೀಲಿ ಚುಕ್ಕಿ ಕಂಡರೆ ಸೂಕ್ಷ್ಮದರ್ಶಕದಲ್ಲಿ ನೋಡಿ. ಎಲೆಗೆ ಅಂಟಿ ಬೆಳೆದ ಹಸಿರು ಪಾಚಿಯ ಎಳೆ ಇರ್ತದೆ.

ಬಿಸಿನೀರಿನ ಹಸಿರು ನಿಜಕ್ಕೂ ಚಂದದ ಪ್ರಯೋಗ, ತೊಂದರೆ ಅಂತ ನೋಡಬೇಡಿ. ಕ್ಲೋರೋಫಿಲ್ ಎ ಮತ್ತು ಸಿ ಮೊದಲಿನಿಂದಲೂ ಒಳಗೆ ಉಂಟು. ಅವುಗಳ ಜೊತೆ ಫ್ಯೂಕೊಕ್ಸಾಂಥಿನ್ ಎಂಬ ವರ್ಣದ್ರವ್ಯ ಒಂದೇ ಪ್ರೋಟೀನಿಗೆ ಅಂಟಿಕೊಂಡಿರ್ತದೆ. ಪ್ರೋಟೀನಿನಲ್ಲಿ ಕೂತಿರುವಾಗ ಅದು 500–550 ನ್ಯಾನೋಮೀಟರಿನ ಹಸಿರು ಬೆಳಕನ್ನೂ ಹೀರುತ್ತದೆ. ಹಸಿರು ಹೊರಗೆ ಬಾರದ್ದರಿಂದ ಗಿಡ ಕಂದು ಕಾಣುವುದು. 80 ಡಿಗ್ರಿಯ ನೀರಿಗೆ ಹಾಕಿದರೆ ಕೆಲವೇ ಸೆಕೆಂಡಿನಲ್ಲಿ ಪ್ರೋಟೀನ್ ಬಿಚ್ಚಿಕೊಳ್ಳುತ್ತದೆ. ಬಿಡಿಯಾದ ಫ್ಯೂಕೊಕ್ಸಾಂಥಿನ್ ನೀಲಿ ಬೆಳಕನ್ನು ಮಾತ್ರ ಹೀರುತ್ತದೆ, ಅದರದ್ದೇ ಬಣ್ಣ ಹಳದಿ-ಕಿತ್ತಳೆ. ಹಸಿರು ಈಗ ಹೊರಬರುತ್ತದೆ. ಅಂದರೆ ವರ್ಣದ್ರವ್ಯ ಎಲ್ಲೂ ಹೋಗಲಿಲ್ಲ, ಹೀರುವ ಬೆಳಕು ಬದಲಾಯಿತು ಅಷ್ಟೆ. ಕುದಿಯುವ ನೀರಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕ್ಲೋರೋಫಿಲ್‌ನ ಮೆಗ್ನೀಸಿಯಮ್ ಕಳಚಿ ಮಾಸಲು ಹಸಿರು ಆಗ್ತದೆ, ಆದ್ದರಿಂದ 10–15 ಸೆಕೆಂಡಿಗೆ ತೆಗೆದು ತಣ್ಣೀರಿಗೆ ಹಾಕಿ.

ಸಮಯ ಇದ್ದರೆ ಟಿಎಲ್‌ಸಿ (ತೆಳು ಪದರದ ಮೇಲೆ ದ್ರಾವಕ ಏರಿಸಿ ವರ್ಣದ್ರವ್ಯಗಳನ್ನು ಬೇರ್ಪಡಿಸುವುದು) ಮಾಡಿಸಿ. ಒಣ ಅಂಗಾಂಶವನ್ನು ಅಸಿಟೋನಿನಲ್ಲಿ ಅರೆದು, ಸಿಲಿಕಾ ಪ್ಲೇಟಿನಲ್ಲಿ ಹೆಕ್ಸೇನ್ 7 ಭಾಗ, ಅಸಿಟೋನ್ 3 ಭಾಗದಲ್ಲಿ ಓಡಿಸುವುದು. ಮೇಲ್ತುದಿಯಲ್ಲಿ ಕ್ಯಾರೋಟಿನ್, ಕೆಳಗೆ ಕ್ಲೋರೋಫಿಲ್ ಎ, ಅದರಡಿ ಫ್ಯೂಕೊಕ್ಸಾಂಥಿನ್‌ನ ಕಿತ್ತಳೆ ಪಟ್ಟಿ. ಕ್ಲೋರೋಫಿಲ್ ಸಿ ಗೆ ಫೈಟಾಲ್ ಬಾಲ (ಎಣ್ಣೆಗೆ ಒಲಿಯುವ ಉದ್ದ ಸರಪಳಿ) ಇಲ್ಲ, ಸಿಲಿಕಾ ಬಿಟ್ಟು ಏಳುವುದಿಲ್ಲ, ಹಚ್ಚಿದ ಗೆರೆಯಲ್ಲೇ ಉಳಿಯುತ್ತದೆ. ಪಕ್ಕದಲ್ಲಿ ಅಲ್ವಾ ಓಡಿಸಿದರೆ ಅದರಲ್ಲಿ ಕ್ಲೋರೋಫಿಲ್ ಬಿ ಪಟ್ಟಿ ಕಾಣ್ತದೆ, ಸರ್ಗಾಸಮ್‌ನಲ್ಲಿ ಇಲ್ಲ. ಒದ್ದೆ ಪಾಚಿ ಅರೆದರೆ ನೀರು ಸೇರಿ ಪಟ್ಟಿಗಳು ಬಾಲ ಬಿಡ್ತವೆ, ಬ್ಲಾಟಿಂಗ್ ಪೇಪರಿನಲ್ಲಿ ಒತ್ತಿ ಒಣಗಿಸಿಯೇ ಅರೆಯಿರಿ. ಪ್ಲೇಟನ್ನು ಬಿಸಿಲಿಗೆ ಹಿಡಿಯಬೇಡಿ, ನೋಡ್ತಾ ನೋಡ್ತಾ ಮಾಸುತ್ತದೆ.

ಮರುಪ್ರಶ್ನೆ: ಕಾಪು_ಬಾಟನಿ

ತುಂಬಾ ಉಪಕಾರ ಆಯ್ತು ಇಬ್ಬರಿಗೂ. ಮೂರು ಸಣ್ಣ ವಿಷಯ. ಅಲ್ಜಿನೇಟ್ ಇದೆ ಅಂತ ಬಾಯಲ್ಲಿ ಹೇಳುವುದಲ್ಲದೆ ಕೈಗೆ ಸಿಗುವ ಹಾಗೆ ತೋರಿಸಲು ಆಗ್ತದಾ? ಮಲ್ಪೆ ಬಂದರಿನ ಹಗ್ಗಗಳ ಮೇಲೆ ಕಂದು ನೂಲಿನ ಹಾಗೆ ಬೆಳೆಯುವುದು ಎಕ್ಟೊಕಾರ್ಪಸ್ (ಎಳೆಯಂಥ ಕಂದು ಪಾಚಿ) ಅಂತ ಖಚಿತ ಮಾಡುವುದು ಹೇಗೆ? ಮತ್ತೆ ಫಾರ್ಮಲಿನ್ ಬದಲು ಶೇ 70 ಆಲ್ಕೋಹಾಲ್ ಸಾಕಾ?

ಉತ್ತರ 3: ಸುರತ್ಕಲ್_ಕೆಮಿಸ್ಟ್ರಿ

ಅಲ್ಜಿನೇಟ್ ತೆಗೆಯುವುದು ಒಂದು ಮಧ್ಯಾಹ್ನದ ಕೆಲಸ. 10 ಗ್ರಾಂ ಒಣ ಸರ್ಗಾಸಮ್ ಪುಡಿ. ಹುಡಿ ಮಾಡುವ ಮೊದಲು ಮರಳು, ಚಿಪ್ಪು ಹೆಕ್ಕಿ ತೆಗೆಯಿರಿ. ಶೇ 1ರ ಹೈಡ್ರೋಕ್ಲೋರಿಕ್ ಆಮ್ಲ 200 ಮಿ.ಲೀ.ನಲ್ಲಿ ಒಂದೆರಡು ಗಂಟೆ ನೆನೆಸಿ. ಭಿತ್ತಿಯಲ್ಲಿರುವುದು ಬಹುಪಾಲು ಕ್ಯಾಲ್ಸಿಯಮ್ ಅಲ್ಜಿನೇಟ್, ಅದು ನೀರಿಗೆ ಕರಗದು. ಆಮ್ಲ ಕ್ಯಾಲ್ಸಿಯಮ್ ಕಿತ್ತು ಅಲ್ಜಿನಿಕ್ ಆಮ್ಲ ಮಾಡುತ್ತದೆ. ಮೂರು ಸಲ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಿರಿ. ಆಮ್ಲ ಉಳಿದರೆ ಮುಂದಿನ ಹಂತದಲ್ಲಿ ನೊರೆ ಉಕ್ಕಿ ಬೀಕರಿನಿಂದ ಹೊರಗೆ ಚೆಲ್ಲುತ್ತದೆ.

ಆಮೇಲೆ ಶೇ 3ರ ಸೋಡಿಯಮ್ ಕಾರ್ಬೊನೇಟ್ 300 ಮಿ.ಲೀ., 50–60 ಡಿಗ್ರಿಯಲ್ಲಿ ಎರಡು ಗಂಟೆ, ಆಗಾಗ ಕದಡುತ್ತಾ. ಪುಡಿ ಕರಗಿ ದಪ್ಪ ಗಂಜಿ ಆಗುತ್ತದೆ. ಸೋಡಿಯಮ್ ಅಲ್ಜಿನೇಟ್ ಬಂತು ಅಂತ ಅರ್ಥ. ಬೇಗ ಆಗಲಿ ಅಂತ ಕುದಿಸಬೇಡಿ, ಸರಪಳಿ ತುಂಡಾಗಿ ಮತ್ತೆ ಜೆಲ್ ನಿಲ್ಲುವುದಿಲ್ಲ. ಡಿಸ್ಟಿಲ್ಡ್ ವಾಟರ್ ಸೇರಿಸಿ ತೆಳು ಮಾಡಿ, ಮಲ್ ಬಟ್ಟೆಯಲ್ಲಿ ಹಿಂಡಿ ಸೋಸಿ. ಬೋರ್‌ವೆಲ್ ನೀರು ಬಳಸಿದರೆ ಅದರ ಕ್ಯಾಲ್ಸಿಯಮ್‌ಗೆ ಇಲ್ಲೇ ಗಂಟು ಗಂಟಾಗಿ ಬಟ್ಟೆ ಕಟ್ಟಿಕೊಳ್ಳುತ್ತದೆ.

ಸೋಸಿದ್ದನ್ನು ಸೂಜಿ ತೆಗೆದ ಸಿರಿಂಜಿನಿಂದ ಶೇ 3ರ ಕ್ಯಾಲ್ಸಿಯಮ್ ಕ್ಲೋರೈಡ್‌ಗೆ ಹನಿ ಹನಿ ಬಿಟ್ಟರೆ ತಕ್ಷಣ ಗೋಲಿ ಕಟ್ಟುತ್ತದೆ. ಕಂದು ಬಣ್ಣದ್ದೇ ಬರುವುದು, ಫ್ಲೊರೊಟ್ಯಾನಿನ್ ಸೇರಿರ್ತದಲ್ಲ. ಬಿಳಿ ಬೇಕಿದ್ದರೆ ಆಮ್ಲಕ್ಕೆ ಮೊದಲು ಪುಡಿಯನ್ನು ಶೇ 1ರ ಫಾರ್ಮಲಿನ್‌ನಲ್ಲಿ ರಾತ್ರಿ ನೆನೆಸಿ ತೊಳೆದರೆ ಟ್ಯಾನಿನ್ ಅಲ್ಲೇ ಬಂಧಿಯಾಗಿ ದ್ರಾವಣ ತಿಳಿಯಾಗುತ್ತದೆ. ಗೋಲಿ ಕಟ್ಟದೆ ಹನಿ ಹರಡಿಹೋದರೆ ದ್ರಾವಣ ತೆಳು, ಸ್ವಲ್ಪ ಆವಿ ಮಾಡಿ ದಪ್ಪ ಮಾಡಿಕೊಳ್ಳಿ. ಕಾರ್ಬೊನೇಟ್ ಹೆಚ್ಚು ಉಳಿದಿದ್ದರೆ ಕ್ಯಾಲ್ಸಿಯಮ್ ಕಾರ್ಬೊನೇಟ್ ಆಗಿ ಕಲಕು ಬಿಳಿ ಕಾಣ್ತದೆ, ದುರ್ಬಲ ಆಮ್ಲದಿಂದ ಪಿಎಚ್ 7ರ ಹತ್ತಿರ ತಂದುಕೊಂಡು ಹನಿ ಬಿಡಿ. ಆಮ್ಲವನ್ನು ಒಮ್ಮೆಗೇ ಸುರಿಯಬೇಡಿ, ಇಡೀ ದ್ರಾವಣವೇ ಹೆಪ್ಪುಗಟ್ಟುತ್ತದೆ.

ಕೊನೆಗೆ ಎರಡು ಗೋಲಿ ತೆಗೆದು ಒಂದನ್ನು ಡಿಸ್ಟಿಲ್ಡ್ ವಾಟರಿಗೆ, ಇನ್ನೊಂದನ್ನು ಶೇ 3ರ ಸೋಡಿಯಮ್ ಸಿಟ್ರೇಟ್‌ಗೆ ಹಾಕಿ. ನೀರಿನದ್ದು ಹಾಗೇ ಇರ್ತದೆ, ಸಿಟ್ರೇಟಿನದ್ದು ಕರಗಿಹೋಗ್ತದೆ, ಸಿಟ್ರೇಟ್ ಕ್ಯಾಲ್ಸಿಯಮ್ ಎಳೆದುಕೊಳ್ಳುವುದರಿಂದ. ತೆರೆಯ ಹೊಡೆತಕ್ಕೆ ಸರ್ಗಾಸಮ್ ಮುರಿಯದೆ ಬಾಗುವುದು ಈ ಕ್ಯಾಲ್ಸಿಯಮ್ ಕೊಂಡಿಗಳ ಬಲದಿಂದ ಅಂತ ಆಗ ಮಕ್ಕಳಿಗೆ ಮನಸ್ಸಿಗೆ ಇಳಿಯುತ್ತದೆ.

ಉತ್ತರ 4: ಎಳೆ_ಪಾಚಿ

ಹಗ್ಗದ ಮೇಲಿನ ಕಂದು ನೂಲು ಅಂದ ಕೂಡಲೇ ಎಕ್ಟೊಕಾರ್ಪಸ್ ಅನ್ನುವ ಹಾಗಿಲ್ಲ ಮಾರಾಯ್ರೆ. ಬಂದರಿನಲ್ಲಿ ಅದು ಎಷ್ಟೋ ಸಲ ಡಯಾಟಮ್, ಅಂದರೆ ಸಿಲಿಕಾ ಚಿಪ್ಪಿನ ಏಕಕೋಶ ಪಾಚಿ. ಕೆಲವು ಡಯಾಟಮ್‌ಗಳು ಸರಪಳಿಯಾಗಿಯೋ ಲೋಳೆ ಕೊಳವೆಯೊಳಗೆ ಸಾಲುಗಟ್ಟಿಯೋ ಬೆಳೆದು ಬರಿಗಣ್ಣಿಗೆ ಥೇಟ್ ಎಕ್ಟೊಕಾರ್ಪಸ್. ಬಣ್ಣವೂ ಅದೇ, ಅವುಗಳಲ್ಲೂ ಫ್ಯೂಕೊಕ್ಸಾಂಥಿನ್ ಉಂಟು, ದೂರದ ನೆಂಟರೇ. ಬೆರಳಲ್ಲಿ ತಿಕ್ಕಿದರೆ ಲೋಳೆಯಾಗಿ ಕರಗಿ ಹೋದರೆ ಡಯಾಟಮ್ ಎಂಬ ಅನುಮಾನ ಬರಬೇಕು. 40xನಲ್ಲಿ ನೋಡಿ: ಎಳೆಯ ಉದ್ದಕ್ಕೂ ಅಡ್ಡಗೋಡೆ, ಕೋಶದ ಪಕ್ಕ ಕೋಶ ಅಂಟಿ, ಕವಲು ಬಿಟ್ಟಿದ್ದರೆ ಕಂದು ಪಾಚಿ. ದೋಣಿಯಾಕಾರದ ಬಿಡಿ ಕೋಶಗಳು ಕೊಳವೆಯೊಳಗೆ ಜಾರುತ್ತಿದ್ದರೆ ಡಯಾಟಮ್. ಸಂಶಯ ಉಳಿದರೆ ಒಂದು ಹನಿ ಬ್ಲೀಚ್ ದ್ರಾವಣ; ಒಳಗಿನದ್ದೆಲ್ಲ ಕರಗಿದ ಮೇಲೆ ಗಾಜಿನಂಥ ಗೆರೆಗಳ ಚಿಪ್ಪು ಉಳಿದರೆ ಸಿಲಿಕಾ, ಡಯಾಟಮ್ ಖಚಿತ.

ಕಂದು ಪಾಚಿಯೇ ಆದರೂ ಮತ್ತೊಂದು ಜರಡಿ ಉಂಟು. ಎಕ್ಟೊಕಾರ್ಪಸ್‌ನ ಕ್ಲೋರೋಪ್ಲಾಸ್ಟ್ ಪಟ್ಟಿಯ ಆಕಾರ, ಒಂದು ಕೋಶಕ್ಕೆ ಕೆಲವೇ. ಅದೇ ಥರ ಕಾಣುವ ಹಿಂಕ್ಸಿಯಾ, ಫೆಲ್ಡ್‌ಮ್ಯಾನಿಯಾಗಳಲ್ಲಿ ದುಂಡು ಬಿಲ್ಲೆಗಳು, ತುಂಬಾ. ಇದು ತಾಜಾ ಮಾದರಿಯಲ್ಲಿ, ತಂದ ದಿನವೇ ನೋಡಬೇಕಾದ ಲಕ್ಷಣ. ಫಾರ್ಮಲಿನ್‌ಗೆ ಹೋದ ಮೇಲೆ ಆಕಾರ ಕೆಡುತ್ತದೆ, ಮತ್ತೆ ಹೆಸರು ಹೇಳುವುದು ಬರೀ ಊಹೆ.

ಸ್ಪೊರಾಂಜಿಯಮ್ (ಈಜುವ ಕೋಶಗಳು ಹುಟ್ಟುವ ಚೀಲ) ಎರಡು ಬಗೆ. ಪ್ಲೂರಿಲಾಕ್ಯುಲರ್ ಅಂದರೆ ಸಣ್ಣ ಸಣ್ಣ ಕೋಣೆಗಳು ಮೆಕ್ಕೆಜೋಳದ ತೆನೆಯ ಕಾಳಿನ ಹಾಗೆ ಜೋಡಿಸಿಕೊಂಡದ್ದು, ಒಂದೊಂದು ಕೋಣೆಯಿಂದ ಒಂದೊಂದು ಈಜುವ ಕೋಶ. ಯೂನಿಲಾಕ್ಯುಲರ್ ಅಂದರೆ ದುಂಡಗಿನ ಒಂದೇ ಕೋಣೆ, ಮಿಯೋಸಿಸ್ ನಡೆಯುವುದು ಅದರಲ್ಲಿ. ಮಕ್ಕಳು ಗೊಂದಲ ಮಾಡಿಕೊಳ್ಳುವ ಜಾಗ ಇದು: ಪ್ಲೂರಿಲಾಕ್ಯುಲರ್ ಕಂಡರೆ ಗಿಡ ಗ್ಯಾಮಿಟೊಫೈಟೋ (ಗ್ಯಾಮೀಟು, ಅಂದರೆ ಲಿಂಗಾಣು ಕೊಡುವ ಗಿಡ) ಸ್ಪೋರೊಫೈಟೋ (ಬೀಜಕ ಕೊಡುವ ಗಿಡ) ಅಂತ ಹೇಳಲು ಬರುವುದಿಲ್ಲ, ಎರಡರಲ್ಲೂ ಬರ್ತದೆ. ಸ್ಪೋರೊಫೈಟಿನದ್ದು ಮತ್ತೆ ಸ್ಪೋರೊಫೈಟನ್ನೇ ಹುಟ್ಟಿಸುತ್ತದೆ, ಗ್ಯಾಮಿಟೊಫೈಟಿನದ್ದು ಗ್ಯಾಮೀಟು. ಯೂನಿಲಾಕ್ಯುಲರ್ ಕಂಡರೆ ಮಾತ್ರ ಸ್ಪೋರೊಫೈಟ್ ಅಂತ ಧೈರ್ಯವಾಗಿ ಬರೆಯಬಹುದು.

ಈಜುವ ಕೋಶಗಳನ್ನು ನೋಡುವ ಆಸೆ ಇದ್ದರೆ: ಸ್ಪೊರಾಂಜಿಯಮ್ ತುಂಬಿದ ಎಳೆಗಳನ್ನು ಸಮುದ್ರದ ನೀರಲ್ಲಿ ಒದ್ದೆ ಮಾಡಿದ ಟಿಶ್ಯೂ ಕಾಗದದಲ್ಲಿ ಸುತ್ತಿ, ರಾತ್ರಿ ಕತ್ತಲಲ್ಲಿ ಫ್ರಿಜ್ಜಿನ ಕೆಳತಟ್ಟೆಯಲ್ಲಿ ಇಡಿ. ಬೆಳಿಗ್ಗೆ ಕೋಣೆಯ ಶಾಖದ ಸೋಸಿದ ಸಮುದ್ರದ ನೀರಿಗೆ ಹಾಕಿ ಕಿಟಕಿಯ ಬಳಿ ಇಟ್ಟರೆ, ಮಾಗಿದ್ದರೆ, ಹೊರಬರುತ್ತವೆ. ವಾಚ್‌ಗ್ಲಾಸಿನಲ್ಲಿ ಬೆಳಕಿನ ಬದಿಯ ಅಂಚಿನಿಂದ ಹನಿ ತೆಗೆಯಿರಿ, ಎದುರಿನ ಅಂಚಿನಿಂದಲೂ ಒಂದು. ಬೆಳಕಿಗೆ ಒಲಿಯುವವು, ಅದರಿಂದ ತಪ್ಪಿಸಿಕೊಳ್ಳುವವು ಎರಡೂ ಇರ್ತವೆ. ಎರಡು ಕಶಾಂಗ (ಈಜಲು ಬಳಸುವ ಬಾಲದಂಥ ಎಳೆ) ಪಕ್ಕದಿಂದ ಹೊರಟಿರ್ತವೆ, ಮುಂದಿನದ್ದು ಉದ್ದ, ಹಿಂದಿನದ್ದು ಗಿಡ್ಡ. ಒಂದು ಹನಿ ಲ್ಯೂಗಾಲ್ ಅಯೋಡಿನ್ ಹಾಕಿ ನಿಲ್ಲಿಸಿದರೇ ಕಶಾಂಗ ಕಾಣುವುದು. ಉದ್ದ ಕಶಾಂಗದ ಮೇಲಿನ ಕೂದಲು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ, ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಕಂಡ ಹಾಗೆ ಚಿತ್ರ ಬಿಡಿಸಲು ಹೇಳಬೇಡಿ.

ಎಕ್ಟೊಕಾರ್ಪಸ್ ಬಗ್ಗೆ ಮಕ್ಕಳಿಗೆ ಇದನ್ನೂ ಹೇಳಿ: ಕಂದು ಪಾಚಿಗಳಲ್ಲಿ ಮೊದಲು ಇಡೀ ಜೀನೋಮ್ ಓದಿದ್ದು ಇದರದ್ದು, 2010ರಲ್ಲಿ, ಸುಮಾರು 214 ಮೆಗಾಬೇಸ್. ಅಷ್ಟು ದೊಡ್ಡ ಕಂದು ಪಾಚಿಗಳಾದ ಕೆಲ್ಪ್‌ಗಳನ್ನು ಬಿಟ್ಟು ಈ ನೂಲನ್ನು ಆರಿಸಿದ್ದು, ಪೆಟ್ರಿ ಡಿಶ್‌ನಲ್ಲೇ ಅದರ ಇಡೀ ಜೀವನಚಕ್ರ ಮುಗಿಯುತ್ತದೆ ಎಂಬ ಕಾರಣಕ್ಕೆ.

ಉತ್ತರ 5: ಸೋಮೇಶ್ವರ_ಬಂಡೆ

ಆಲ್ಕೋಹಾಲ್ ಸಾಕಾ ಅಂತ ಕೇಳಿದ್ದಕ್ಕೆ: ಶೇ 70 ಆಲ್ಕೋಹಾಲ್ ಆಕಾರ ಉಳಿಸ್ತದೆ, ಬಣ್ಣ ಪೂರಾ ಕರಗಿಸ್ತದೆ, ಅಂಗಾಂಶ ಕುಗ್ಗಿ ಎಳೆಯ ತುದಿಗಳು ಸುರುಟಿಕೊಳ್ಳುತ್ತವೆ. ವರ್ಷಗಟ್ಟಲೆ ಇಡುವ ಬಾಟಲಿಗೆ ಆದೀತು, ಸೆಕ್ಷನ್‌ಗೆ ಫಾರ್ಮಲಿನ್ ಹಿಡಿದದ್ದೇ ಉತ್ತಮ. ಫಾರ್ಮಲಿನ್ ಬೆರೆಸುವ ಕೆಲಸ ಮಕ್ಕಳಿಗೆ ಕೊಡಬೇಡಿ, ಗಾಳಿಯಾಡುವಲ್ಲಿ ಕೈಗವಸು ಹಾಕಿ ಸಿಬ್ಬಂದಿಯೇ ಮಾಡಲಿ. ಸೆಕ್ಷನ್‌ಗೆ ಮೊದಲು ತುಂಡುಗಳನ್ನು ಸಮುದ್ರದ ನೀರು ಬದಲಿಸುತ್ತಾ ಒಂದು ಗಂಟೆ ತೊಳೆದರೆ ಕಣ್ಣುರಿ ಇಲ್ಲ.

ಅಂಗಡಿಯ ಫಾರ್ಮಲಿನ್‌ನಲ್ಲಿ ಫಾರ್ಮಾಲ್ಡಿಹೈಡ್ ಇರುವುದು ಶೇ 37–40. ಮೇಲೆ ಹೇಳಿದ 95ಕ್ಕೆ 5ರ ಅಳತೆಯಲ್ಲಿ ನಿಜವಾದ ಫಾರ್ಮಾಲ್ಡಿಹೈಡ್ ಶೇ 2ರ ಹತ್ತಿರ. ಕೆಲವು ಪುಸ್ತಕಗಳಲ್ಲಿ ಶೇ 4 ಫಾರ್ಮಾಲ್ಡಿಹೈಡ್ ಅಂತ ಇರ್ತದೆ, ಅದಕ್ಕೆ 90ಕ್ಕೆ 10 ಬೇಕು. ಎರಡೂ ನಡೀತದೆ; ಆದರೆ ಬಾಟಲಿಯ ಚೀಟಿಯಲ್ಲಿ ಯಾವುದು ಅಂತ ಬರೆಯಿರಿ, ಇಲ್ಲದಿದ್ದರೆ ಮುಂದಿನ ವರ್ಷ ಯಾರಿಗೂ ಅರ್ಥ ಆಗುವುದಿಲ್ಲ.

ಪಡೈನಾಕ್ಕೆ ಇದರಲ್ಲಿ ಒಂದು ವಿಶೇಷ ಉಂಟು. ಅದರ ಬೀಸಣಿಗೆಯ ಮೇಲಿನ ಬಿಳಿ ಪಟ್ಟಿ ಸುಣ್ಣ, ಅರಗೊನೈಟ್ ರೂಪದ ಕ್ಯಾಲ್ಸಿಯಮ್ ಕಾರ್ಬೊನೇಟ್. ಕಂದು ಪಾಚಿಗಳಲ್ಲಿ ಹೀಗೆ ಸುಣ್ಣ ಕಟ್ಟುವುದು ಪಡೈನಾ ಮತ್ತು ನ್ಯೂಹೌಸಿಯಾ, ಅಷ್ಟೇ. ಫಾರ್ಮಲಿನ್ ಹಳತಾದಂತೆ ಹುಳಿಯಾಗ್ತದೆ, ಸುಣ್ಣ ಕರಗುತ್ತದೆ. ಪಟ್ಟಿ ಉಳಿಯಬೇಕಾದರೆ ಒಂದು ಲೀಟರ್ ಫಾರ್ಮಲಿನ್‌ಗೆ 20 ಗ್ರಾಂ ಬೊರಾಕ್ಸ್ ಹಾಕಿ ಇಟ್ಟುಕೊಳ್ಳಿ. ಸೆಕ್ಷನ್‌ಗಾದರೆ ಉಲ್ಟಾ: ಸುಣ್ಣ ಇದ್ದರೆ ಬ್ಲೇಡು ಮೊಂಡಾಗಿ ಸೆಕ್ಷನ್ ಹರಿಯುತ್ತದೆ. ಶೇ 5ರ ಅಸಿಟಿಕ್ ಆಮ್ಲದಲ್ಲಿ, ಅಡಿಗೆಯ ವಿನೆಗರ್ ಆದರೂ ಆದೀತು, ಗುಳ್ಳೆ ನಿಲ್ಲುವ ತನಕ ಇಟ್ಟು ತೊಳೆಯಿರಿ. ಹತ್ತು-ಹದಿನೈದು ನಿಮಿಷ ಸಾಕು.

ಸೆಕ್ಷನ್ ಬೀಸಣಿಗೆಯ ಉದ್ದಕ್ಕೆ, ಬುಡದಿಂದ ಅಂಚಿನ ಕಡೆಗೆ. ಸುರುಳಿಯಾಗಿ ಮಡಚಿದ ಅಂಚಿನಲ್ಲಿ ಬೆಳೆಯುವ ಕೋಶಗಳ ಸಾಲು ಉಂಟು, ಅದು ತುಂಡಾಗದ ಹಾಗೆ ನೋಡಿ. ನಮ್ಮ ಬಂಡೆಗಳಲ್ಲಿ ಸಾಮಾನ್ಯವಾದ ಪಡೈನಾ ಟೆಟ್ರಾಸ್ಟ್ರೊಮ್ಯಾಟಿಕಾಕ್ಕೆ ಬುಡದ ಹತ್ತಿರ ನಾಲ್ಕು ಪದರ, ಅಂಚಿನಲ್ಲಿ ಕಡಿಮೆ. ಹಾಗಾಗಿ ಎಲ್ಲಿಂದ ಸೆಕ್ಷನ್ ತೆಗೆದದ್ದು ಅಂತ ಬರೆಯದೆ ಪದರ ಎಣಿಸಿ ಜಾತಿ ಹೇಳಬಾರದು. ಈಗ ಅದನ್ನು ಪಡೈನಾ ಆಂಟಿಲ್ಲಾರಮ್‌ಗೆ ಸೇರಿಸಿದ್ದಾರೆ; ಚೀಟಿಯಲ್ಲಿ ಎರಡೂ ಹೆಸರು ಬರೆದರೆ ಹಳೆ ಮಾದರಿಗಳ ಜೊತೆ ತಾಳೆ ನೋಡುವವರಿಗೆ ಸುಲಭ. ಅರ್ಧಚಂದ್ರಾಕಾರದ ಕೂದಲಿನ ಗೆರೆಗಳ ಪಕ್ಕದಲ್ಲಿ ಕಪ್ಪು ಚುಕ್ಕಿಗಳ ಸಾಲು ಕಾಣುವುದು ಟೆಟ್ರಾಸ್ಪೊರಾಂಜಿಯಮ್, ಒಂದೊಂದರಲ್ಲಿ ನಾಲ್ಕು ಬೀಜಕ, ಈಜಲು ಬಾರದವು. ಹೆಚ್ಚಾಗಿ ಸಿಗುವುದು ಬೀಜಕದ ಗಿಡಗಳೇ. ಗಂಡು, ಹೆಣ್ಣು ಗಿಡ ಸಿಗಲಿಲ್ಲ ಅಂತ ಹುಡುಕಿ ಬಂಡೆ ಬೋಳಿಸಬೇಡಿ.

ಡಿಕ್ಟಿಯೋಟ ಎಂಬ ತೆಳು ಕಂದು ಪಾಚಿಗೆ ಸೆಕ್ಷನ್ ಮಾಡುವ ಮೊದಲು ತುದಿಯನ್ನು ಇಡಿಯಾಗಿಯೇ ಮೌಂಟ್ ಮಾಡಿ. ತುದಿಯಲ್ಲಿ ಒಂದೇ ದೊಡ್ಡ ಕೋಶ, ಅದು ಸರಿಯಾಗಿ ನಡುವೆ ಸೀಳಿ ಎರಡಾದಾಗ ಕವಲು. ಇದು ಬೇಗ ಕೊಳೆಯುವ ಪಾಚಿ, ಬೇರೆ ಚೀಲದಲ್ಲಿ ತರಬೇಕು. ಕೊಳೆತ ನೀರು ತಾಗಿದರೆ ಜೊತೆಗಿದ್ದದ್ದೂ ಹಾಳು.

ಉತ್ತರ 6: ಇಳಿತದ_ಹೊತ್ತು

ಹೋಗುವ ದಿನದ ಬಗ್ಗೆ ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ನದಿಗಳ ಸಿಹಿನೀರು, ಕೆಸರು, ತೆರೆಯ ಹೊಡೆತ ಮೂರೂ ಸೇರಿ ಬಂಡೆ ಬೋಳಾಗ್ತದೆ, ಅಪಾಯವೂ ಹೌದು. ಮಳೆ ನಿಂತ ಮೇಲೆ ಬುಡಗಳು ಮತ್ತೆ ಚಿಗುರುತ್ತವೆ. ರಿಸೆಪ್ಟಕಲ್ ಬೇಕಿದ್ದರೆ ಡಿಸೆಂಬರ್–ಫೆಬ್ರವರಿಗೆ ಪ್ರಾಕ್ಟಿಕಲ್ ಇಟ್ಟುಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಎರಡು ಮೂರು ದಿನ ಆರಿಸಿ. ನಮ್ಮಲ್ಲಿ ದಿನಕ್ಕೆ ಎರಡು ಇಳಿತ, ಎರಡೂ ಒಂದೇ ಮಟ್ಟದ್ದಲ್ಲ. ಹೊಸ ಮಂಗಳೂರು ಬಂದರಿನ ಟೈಡ್ ಟೇಬಲ್ ನೋಡಿ ಅಂಕಿ ಕಡಿಮೆ ಇರುವ ಹಗಲಿನ ಇಳಿತ ಹಿಡಿಯಿರಿ. ತೀರಾ ಇಳಿಯುವ ಒಂದು ಗಂಟೆ ಮೊದಲೇ ಬಂಡೆಯ ಮೇಲೆ ಇರಬೇಕು, ನೀರು ತಿರುಗಿದ ಕೂಡಲೇ ಹೊರಡಬೇಕು. ಸರ್ಗಾಸಮ್ ಬೆಳೆಯುವುದೇ ಇಳಿತದ ಕೆಳಗೆರೆಯಲ್ಲಿ, ತೆರೆ ಬೆನ್ನಿಗೆ ಬರುವ ಜಾಗ. ಒಬ್ಬರು ಸಮುದ್ರ ನೋಡುತ್ತಾ ನಿಲ್ಲಲಿ, ಅವರಿಗೆ ಬೇರೆ ಕೆಲಸ ಬೇಡ.

ಹರ್ಬೇರಿಯಮ್ ಹಾಳೆಗೆ ಒಂದು ಗಿಡವಾದರೂ ಬುಡದ ಹಿಡಿತ ಸಮೇತ ಬೇಕು, ಉಳಿದವಕ್ಕೆ ಕೊಂಬೆ ಕತ್ತರಿಸಿದರೆ ಸಾಕು. ಬುಡ ಉಳಿದರೆ ಮತ್ತೆ ಬೆಳೆಯುತ್ತದೆ. ಸರ್ಗಾಸಮ್‌ನ ಕೆಳಗಿನ ಎಲೆ ಅಗಲ, ಮೇಲಿನದ್ದು ಕಿರಿದು ಆಗಿರ್ತದೆ. ತುದಿ ಮಾತ್ರ ತಂದರೆ ಜಾತಿ ಗುರುತಿಸಲು ಆಗುವುದಿಲ್ಲ. ಕೆಳಗಿನ ಎಲೆ, ಮೇಲಿನ ಎಲೆ, ಗಾಳಿಗುಳ್ಳೆ, ರಿಸೆಪ್ಟಕಲ್ ನಾಲ್ಕೂ ಹಾಳೆಯ ಮೇಲೆ ಇರಲಿ. ತರುವಾಗ ಚೀಲಕ್ಕೆ ನೀರು ತುಂಬಬೇಡಿ, ಸಮುದ್ರದ ನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಸುತ್ತಿ ಐಸ್ ಡಬ್ಬದಲ್ಲಿ ಇಡಿ, ಐಸ್ ನೇರ ತಾಗದ ಹಾಗೆ.

ಅಂಟದ್ದಕ್ಕೆ ಕಾರಣ ಗಟ್ಟಿ ಕಾಂಡ ಮತ್ತು ಗಾಳಿಗುಳ್ಳೆ. ಡಿಕ್ಟಿಯೋಟದಂಥ ತೆಳುವಾದವು ತಮ್ಮ ಲೋಳೆಯಲ್ಲೇ ಕಾಗದಕ್ಕೆ ಹಿಡಿಯುತ್ತವೆ, ಸರ್ಗಾಸಮ್‌ನದ್ದು ಹಾಳೆಗೆ ತಾಗುವ ಮೈಯೇ ಕಡಿಮೆ. ಗುಳ್ಳೆಗಳಿಗೆ ಹಿಂಬದಿಯಿಂದ ಸೂಜಿ ಚುಚ್ಚಿ ಒತ್ತಿ. ಒಣಗಿದ ಮೇಲೆ ಕಾಂಡದ ಮೇಲೆ ಮೂರು ನಾಲ್ಕು ಕಡೆ ಗೋಂದು ಹಚ್ಚಿದ ಕಾಗದದ ಪಟ್ಟಿ. ಸೆಲ್ಲೋಟೇಪ್ ಬೇಡ, ಎರಡು ಮಳೆಗಾಲಕ್ಕೆ ಹಳದಿಯಾಗಿ ಕಳಚುತ್ತದೆ. ಹಾಳೆ 29 × 42 ಸೆಂ.ಮೀ., ಮೇಲೆ ಮಲ್ ಬಟ್ಟೆ, ಅದರ ಮೇಲೆ ಬ್ಲಾಟಿಂಗ್ ಅಥವಾ ಪೇಪರ್ ಹಾಳೆಗಳು. ಮೊದಲ ಮೂರು ದಿನ ಬೆಳಿಗ್ಗೆ, ಸಂಜೆ ಬದಲಿಸಲೇಬೇಕು.

ಬೂಷ್ಟಿಗೆ ಕಾರಣ ಉಪ್ಪು. ಮಾದರಿಯಲ್ಲಿ ಉಳಿದ ಉಪ್ಪು ನಮ್ಮ ಜೂನ್–ಜುಲೈ ಗಾಳಿಯ ತೇವ ಎಳೆದುಕೊಂಡು ಹಾಳೆ ಮೆತ್ತಗಾಗ್ತದೆ, ಬೂಷ್ಟು ಹಿಡೀತದೆ. ಫಾರ್ಮಲಿನ್‌ನಲ್ಲಿ ಒಂದು ದಿನ ಇದ್ದ ಸರ್ಗಾಸಮ್ ಅನ್ನು ಒತ್ತುವ ಮೊದಲು ಸಿಹಿನೀರಿನಲ್ಲಿ ಎರಡು ಮೂರು ಸಲ ಬೇಗ ಬೇಗ ಅದ್ದಿ ತೆಗೆಯಿರಿ. ಆಗ ಅಂಗಾಂಶ ಗಟ್ಟಿಯಾಗಿರುವುದರಿಂದ ಉಬ್ಬುವುದಿಲ್ಲ. ಫಾರ್ಮಲಿನ್ ತಾಗದ ಡಿಕ್ಟಿಯೋಟವನ್ನು ಹೀಗೆ ಮಾಡಿದರೆ ಬಣ್ಣ ಬಿಟ್ಟು ಕರಗುತ್ತದೆ, ಅದನ್ನು ಸಮುದ್ರದ ನೀರಿನ ಟ್ರೇಯಿಂದಲೇ ಹಾಳೆಗೆ ಎತ್ತಬೇಕು. ಮೇ ತಿಂಗಳು ಮುಗಿಯುವ ಮೊದಲು ಹಾಳೆಗಳನ್ನು ಒಮ್ಮೆ ತೆಗೆದು ಬಿಳಿ ಹರಳು ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಒಣ ಬ್ರಷ್‌ನಲ್ಲಿ ಗುಡಿಸಿ, ದಪ್ಪ ಪಾಲಿಥೀನ್ ಚೀಲಕ್ಕೆ ಹಾಕಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಾಯಿ ಮುಚ್ಚಿ ಇಡಿ. ಪೊಟ್ಟಣದ ನೀಲಿ ಕಾಳು ಗುಲಾಬಿ ಆದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು.